ತಿಳಿನೀರೆಲ್ಲ ಒಳ್ಳೆಯ ನೀರಲ್ಲ

ಹಿತ್ತಲಿನಲ್ಲಿ ಕೊಯಿ ಮೀನು ಸಾಕುವವರಲ್ಲಿ ಅನೇಕರು ಕೊಳವನ್ನು ಆಗಾಗ ಬರಿದು ಮಾಡಿ ತೊಳೆಯುವುದೇ ಉತ್ತಮ ನಿರ್ವಹಣೆಯೆಂದು ನಂಬಿದ್ದಾರೆ. ನಾನೂ ಹಾಗೆಯೇ ನಂಬಿದ್ದೆ. ಅದು ತಪ್ಪೆಂಬುದು ನನ್ನ ಇಂದಿನ ಖಚಿತ ಅಭಿಪ್ರಾಯ.

ನಿವೃತ್ತಿಯ ನಂತರ ಮೊಮ್ಮಗಳ ಆಸೆಗೆಂದು ಹಿತ್ತಲಿನಲ್ಲಿ ಸಿಮೆಂಟಿನ ಕೊಳವೊಂದನ್ನು ಕಟ್ಟಿಸಿ, ಎಂಟು ಮೀನುಗಳನ್ನು ಬಿಟ್ಟಿದ್ದೆ. ಬೇಸಿಗೆಯಲ್ಲಿ ನೀರು ಹಸಿರಾಯಿತು. ನನಗೆ ಸಹನೆಯಾಗಲಿಲ್ಲ. ನೀರನ್ನೆಲ್ಲ ಹೊರಚೆಲ್ಲಿ, ಗೋಡೆಯನ್ನೂ ಫಿಲ್ಟರಿನ ಸ್ಪಂಜನ್ನೂ ತಿಕ್ಕಿ ತೊಳೆದು, ನೇರವಾಗಿ ನಲ್ಲಿಯ ನೀರು ತುಂಬಿಸಿದೆ. ತಳ ಕಾಣುವಷ್ಟು ತಿಳಿಯಾಯಿತು. ಮಾರನೆಯ ಬೆಳಗ್ಗೆ ಮೀನುಗಳು ಮೇಲೆ ಬಂದು ಬಾಯಿ ತೆರೆದು ಏದುತ್ತಿದ್ದವು. ನಾಲ್ಕು ದಿನಗಳಲ್ಲಿ ಐದು ಸತ್ತವು. "ತಾತ, ನೀರು ಅಷ್ಟು ಚೆನ್ನಾಗಿತ್ತಲ್ಲ?" ಎಂದಳು ಮಗು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರವನ್ನು ನಾನೇ ವರ್ಷವರ್ಷವೂ ಕರಿಹಲಗೆಯ ಮೇಲೆ ಬರೆದಿದ್ದೆ: ನೈಟ್ರೋಜನ್ ಚಕ್ರ! ಮೀನಿನ ಕಿವಿರು ಮತ್ತು ಮಲದಿಂದ, ಉಳಿದ ಆಹಾರದಿಂದ ಅಮೋನಿಯ ಉಂಟಾಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಗಳು ಅದನ್ನು ನೈಟ್ರೈಟ್ ಆಗಿಯೂ, ಮತ್ತೊಂದು ಬಗೆಯವು ನೈಟ್ರೈಟನ್ನು ಕಡಿಮೆ ಅಪಾಯದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇವು ನೆಲೆಗೊಳ್ಳಲು ಸುಮಾರು 4ರಿಂದ 6 ವಾರ ಬೇಕು. ಅವುಗಳ ಮನೆಯೇ ಆ ಸ್ಪಂಜು. ನಾನು ತೊಳೆದದ್ದು ಕೊಳೆಯನ್ನಲ್ಲ, ಕೊಳದ ಜೀವವನ್ನು. ಸಾಲದೆಂಬಂತೆ ನಲ್ಲಿನೀರಿನ ಕ್ಲೋರಿನ್ ಮೀನುಗಳ ಕಿವಿರನ್ನೂ ಸುಟ್ಟಿತು. ಹಸಿರು ಬಣ್ಣ ಕಣ್ಣಿಗೆ ಹಿತವಲ್ಲ, ನಿಜ. ಆದರೆ ಮೀನನ್ನು ಕೊಲ್ಲುವ ಅಮೋನಿಯಕ್ಕೆ ಬಣ್ಣವೇ ಇಲ್ಲ.

ಈಗ ವಾರಕ್ಕೊಮ್ಮೆ ಶೇಕಡ 10ರಿಂದ 20ರಷ್ಟು ನೀರನ್ನು ಮಾತ್ರ ಬದಲಿಸುತ್ತೇನೆ. ಹೊಸ ನೀರಿನ ಕ್ಲೋರಿನನ್ನು ಮೊದಲೇ ನಿವಾರಿಸುತ್ತೇನೆ. ಸ್ಪಂಜನ್ನು ಕೊಳದಿಂದ ತೆಗೆದ ನೀರಿನಲ್ಲೇ ಅದ್ದಿ ಹಿಂಡುತ್ತೇನೆ. ಕೆಲವೇ ನಿಮಿಷಗಳಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕುತ್ತೇನೆ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆ. ಪಿಎಚ್ ಮತ್ತು ಉಷ್ಣತೆ ಏರಿದಷ್ಟೂ ಅಮೋನಿಯದ ವಿಷ ಹೆಚ್ಚು. ಆದ್ದರಿಂದ ಬೇಸಿಗೆಯಲ್ಲಿ ಕೊಳಕ್ಕೆ ನೆರಳು ಕಟ್ಟಿ, ರಾತ್ರಿಯಿಡೀ ಗಾಳಿಯ ಪಂಪು ಓಡಿಸುತ್ತೇನೆ. ಪರೀಕ್ಷೆಯ ಕಿಟ್‌ನಿಂದ ಅಮೋನಿಯ, ನೈಟ್ರೈಟ್ ಅಳೆಯುತ್ತೇನೆ, ಎರಡೂ ಸೊನ್ನೆಯಾಗಿರಬೇಕು. ತೆಗೆದ ನೀರು ದಾಸವಾಳದ ಬುಡಕ್ಕೆ ಗೊಬ್ಬರ.

ಉಳಿದ ಮೂರು ಮೀನುಗಳು ಕ್ಷೇಮವಾಗಿವೆ. ನೈಟ್ರೋಜನ್ ಚಕ್ರದ ಚಿತ್ರ ತಪ್ಪಿದ್ದಕ್ಕೆ ನನ್ನಿಂದ ಅಂಕ ಕಳೆದುಕೊಂಡ ನನ್ನ ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಮೇಷ್ಟ್ರು ಅದೇ ಪಾಠದಲ್ಲಿ ಹಿತ್ತಲಿನಲ್ಲಿ ಅನುತ್ತೀರ್ಣರಾದರೆಂದು ತಿಳಿದು ಕ್ಷಮಿಸಿರಿ.