ಸವಣೂರಿನಲ್ಲಿ ಒಂದು ರಾತ್ರಿ

2024ರ ಜೂನ್ 29ರ ರಾತ್ರಿ ನಮ್ಮ ಹಂಸಭಾವಿಯಲ್ಲಿ ಬಹಳ ಹೊತ್ತಿನವರೆಗೆ ಯಾರೂ ಮಲಗಲಿಲ್ಲ. ಬಾರ್ಬಡೋಸ್ ದ್ವೀಪದ ಬ್ರಿಜ್‌ಟೌನ್‌ನಲ್ಲಿ ಭಾರತ ತಂಡವು ದಕ್ಷಿಣ ಆಫ್ರಿಕಾವನ್ನು 7 ರನ್‌ಗಳಿಂದ ಸೋಲಿಸಿ ಟಿ-20 ವಿಶ್ವಕಪ್ ಗೆದ್ದಿತ್ತು. ತರಬೇತುದಾರರು ನಮ್ಮ ಕನ್ನಡಿಗ ರಾಹುಲ್ ದ್ರಾವಿಡ್. ಕ್ರಿಕೆಟ್ಟಿನ ಮಾತು ಇಷ್ಟು ಸಾಕು. ವರ್ತಕರಾದ ನಾವು ಗಮನಿಸಬೇಕಾದುದು ಆ ಊರನ್ನು.

ಬ್ರಿಜ್‌ಟೌನ್ ಆಂಗ್ಲರು 1628ರಲ್ಲಿ ಕಟ್ಟಿದ ವಸಾಹತು ಪಟ್ಟಣ. ಕಬ್ಬು ಮತ್ತು ಸಕ್ಕರೆಯಿಂದ, ಆಫ್ರಿಕಾದಿಂದ ಹಿಡಿದು ತಂದ ಗುಲಾಮರ ಬೆವರಿನಿಂದ ಬೆಳೆದದ್ದು. ಸಕ್ಕರೆಯ ಕಾಲ ಇಳಿದ ಮೇಲೆ ದ್ವೀಪಕ್ಕೆ ಪ್ರವಾಸೋದ್ಯಮವೇ ಆಧಾರವಾಯಿತು. ಹಳೆಯ ಪಟ್ಟಣ ಮತ್ತು ಅದರ ಸೈನಿಕ ಠಾಣ್ಯವು 2011ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಹಿಂದಿನ ಮಿಲಿಟರಿ ಸೆರೆಮನೆಯಲ್ಲಿ ಇಂದು ವಸ್ತುಸಂಗ್ರಹಾಲಯವಿದೆ. 1751ರಲ್ಲಿ ತರುಣ ಜಾರ್ಜ್ ವಾಷಿಂಗ್ಟನ್ ಸುಮಾರು ಎರಡು ತಿಂಗಳು ತಂಗಿದ್ದ ಮನೆಯನ್ನೂ ದುರಸ್ತಿಗೊಳಿಸಿ ಪ್ರೇಕ್ಷಣೀಯ ಸ್ಥಳವನ್ನಾಗಿ ಮಾಡಿದ್ದಾರೆ. ಕ್ವೀನ್ಸ್ ಪಾರ್ಕಿನಲ್ಲಿರುವ ದೈತ್ಯ ಬಾವೊಬಾಬ್ ಮರವನ್ನು ನೋಡಲು ಜನ ಬರುತ್ತಾರೆ.

ಆ ಮರದ ಹೆಸರು ಓದಿದಾಗ ನನಗೆ ನೆನಪಾದದ್ದು ಸವಣೂರು. ಅದೇ ಜಾತಿಯ, ಅದೇ ಆಫ್ರಿಕಾ ಮೂಲದ ಮೂರು ಮಹಾವೃಕ್ಷಗಳು ಅಲ್ಲಿಯ ದೊಡ್ಡಹುಣಸೆ ಕಲ್ಮಠದ ಆವರಣದಲ್ಲಿವೆ. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿದಾಗ ಅದನ್ನು ಎತ್ತಿ ಮರಳಿ ನೆಟ್ಟರು. ಸವಣೂರೆಂದರೆ ಮರಗಳಷ್ಟೇ ಅಲ್ಲ. 1948ರಲ್ಲಿ ವಿಲೀನವಾಗುವವರೆಗೆ ಅದು ನವಾಬರ ಸಂಸ್ಥಾನದ ರಾಜಧಾನಿ. ಶ್ರೀ ಸತ್ಯಬೋಧ ತೀರ್ಥರ ವೃಂದಾವನ ಅಲ್ಲಿದೆ. ಜ್ಞಾನಪೀಠ ಪುರಸ್ಕೃತ ವಿ.ಕೃ. ಗೋಕಾಕರು 1909ರಲ್ಲಿ ಹುಟ್ಟಿದ್ದೂ ಅಲ್ಲಿಯೇ. ಎರಡು ತಿಂಗಳ ಅತಿಥಿಗಾಗಿ ಅವರು ಒಂದು ಮನೆಯನ್ನೇ ಕಾಪಾಡಿಕೊಂಡಿದ್ದಾರೆ; ಹುಟ್ಟೂರಿನವರಾದ ನಾವು ಗೋಕಾಕರ ಹೆಸರಿನಲ್ಲಿ ಪ್ರವಾಸಿಗೆ ಏನನ್ನು ತೋರಿಸುತ್ತೇವೆ?

ಕಳೆದ ಬೇಸಿಗೆಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಹಾನಗಲ್ಲಿನ ತಾರಕೇಶ್ವರ, ಅಲ್ಲಿಂದ ಕನಕದಾಸರ ಬಾಡ, ಬಂಕಾಪುರದ ಕೋಟೆಯ ನವಿಲುಗಳು, ಇಳಿಹೊತ್ತಿಗೆ ಸವಣೂರು. ಹುಣಸೆ ಮರವನ್ನು ಮಕ್ಕಳು ಕೈ ಕೈ ಹಿಡಿದು ಸುತ್ತಲು ಯತ್ನಿಸಿ ಸೋತರು. ಮರದ ಕಥೆ ಹೇಳುವವರು ಸಿಗಲಿಲ್ಲ; ಗೊತ್ತಿದ್ದಷ್ಟನ್ನು ನಾನೇ ಹೇಳಿದೆ. ಚಹಾ ಕುಡಿದು, ಪ್ರಸಿದ್ಧ ಸವಣೂರು ಖಾರದ ನಾಲ್ಕು ಪೊಟ್ಟಣ ಕಟ್ಟಿಸಿಕೊಂಡು, ಮನೆಯವಳಿಗೆ ಒಂದು ಕಟ್ಟು ಎಲೆ ಕೊಂಡು ಕತ್ತಲಾಗುವ ಮೊದಲೇ ಹೊರಟೆವು. ನಾಲ್ಕು ತಾಲೂಕು ತಿರುಗಿದ ನಾವು ಅಲ್ಲಿ ಬಿಟ್ಟು ಬಂದ ಹಣ ಲೆಕ್ಕಕ್ಕೆ ಬರುವಂಥದ್ದಲ್ಲ. ಅದೇ ಕುಟುಂಬ ಗೋವೆಗೆ ಹೋದಾಗ ಕೋಣೆಯ ಬಾಡಿಗೆ, ಎರಡು ಹೊತ್ತಿನ ಊಟ, ಗಾಡಿ ಎಂದು ಎಷ್ಟು ಖರ್ಚಾಯಿತೆಂಬುದನ್ನು ಇಲ್ಲಿ ಬರೆಯಲು ಸಂಕೋಚ.

ಬ್ರಿಜ್‌ಟೌನ್‌ಗೂ ಈ ಲೆಕ್ಕ ಗೊತ್ತು. ಬೆಳಿಗ್ಗೆ ಹಡಗಿನಿಂದಿಳಿದು ಸಂಜೆ ಹಡಗು ಹತ್ತುವ ಪ್ರವಾಸಿಗಿಂತ ರಾತ್ರಿ ಉಳಿಯುವವನಿಂದ ಊರಿಗೆ ಬರುವ ಆದಾಯ ಬಹಳ ಹೆಚ್ಚು. ನಮ್ಮ ಜಿಲ್ಲೆಗೆ ಬರುವವರೆಲ್ಲರೂ ಹಡಗಿನವರೇ! ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ಗೆ ಶಾಲಾ ಮಕ್ಕಳ ಬಸ್ಸುಗಳು ಬರುತ್ತವೆ, ಸಂಜೆಗೆ ಹೆದ್ದಾರಿ ಹಿಡಿಯುತ್ತವೆ.

ನಮ್ಮಲ್ಲಿ ಕಡಲಿಲ್ಲ, ಹೋಲಿಕೆ ಅತಿಯಾಯಿತೆಂದು ಕೆಲವರು ನಗಬಹುದು. ಅದು ನಿಜವೇ. ಆದರೆ ನಾನು ಕೇಳುತ್ತಿರುವುದು ದೊಡ್ಡ ಹೋಟೆಲನ್ನಲ್ಲ. ಸವಣೂರಿನ ಹಳೆಯ ಮನೆಗಳಲ್ಲಿ ಅಚ್ಚುಕಟ್ಟಾದ ಐದಾರು ಕೋಣೆಗಳು, ರೊಟ್ಟಿ ಊಟ, ಊರಿನ ಕಥೆ ಬಲ್ಲ ಇಬ್ಬರು ತರುಣರು. ಆ ಕಥೆಯಲ್ಲಿ ಮರಾಠರ ಮತ್ತು ಮೈಸೂರಿನ ದಾಳಿಗಳೂ ಇರಲಿ. ಬ್ರಿಜ್‌ಟೌನ್ ತನ್ನ ಗುಲಾಮಗಿರಿಯ ಇತಿಹಾಸವನ್ನು ಮುಚ್ಚಿಟ್ಟಿಲ್ಲ. ಹೋಂಸ್ಟೇ ನೋಂದಣಿಗೆ ಪ್ರವಾಸೋದ್ಯಮ ಇಲಾಖೆಯಲ್ಲಿ ಅವಕಾಶವಿದೆ. ಮೆಣಸಿನಕಾಯಿ ಮತ್ತು ಗೋವಿನಜೋಳದ ಧಾರಣೆ ಕುಸಿದ ವರ್ಷ ನಮ್ಮ ಅಂಗಡಿಗಳು ಹೇಗಿರುತ್ತವೆಂಬುದು ಸದಸ್ಯರೆಲ್ಲರ ಅನುಭವ. ಬೇರೆ ಆದಾಯದ ದಾರಿಯನ್ನು ಸರಕಾರವೇ ಬಂದು ತೆರೆಯಲೆಂದು ಕಾಯುವುದೇಕೆ?

ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ಸವಣೂರಿನ ಯಾವ ಸದಸ್ಯರಾದರೂ ತಮ್ಮ ಮನೆಯ ಎರಡು ಕೋಣೆ ತೆರೆಯಲು ಮುಂದಾದರೆ, ದಸರಾ ರಜೆಯಲ್ಲಿ ಮೊದಲ ರಾತ್ರಿಯ ಬಾಡಿಗೆ ಕೊಟ್ಟು ಉಳಿಯಲು ನಮ್ಮ ಕುಟುಂಬ ಸಿದ್ಧವಿದೆ.