ನಗಾರಿ ಬಾರಿಸಿದವರನ್ನು ಯಾರೂ ಕೇಳಲಿಲ್ಲ

ಹಂಪಿ ನಮ್ಮ ಮಗ್ಗುಲಲ್ಲೇ ಇದೆ. ವಡ್ಡು, ಸಂಡೂರು, ಹೊಸಪೇಟೆ, ಕಂಪ್ಲಿ ಕಡೆಯ ಯಾರನ್ನಾದರೂ ವಿಜಯನಗರದ ಬಗ್ಗೆ ಕೇಳಿ, ಎರಡು ಮಾತು ಹೇಳಿಯೇ ಹೇಳುತ್ತಾರೆ. ಒಂದು, ಬೀದಿಯಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು. ಎರಡು, ಕೃಷ್ಣದೇವರಾಯ ಅಪ್ಪಾಜಿ ತಿಮ್ಮರಸನ ಕಣ್ಣು ಕೀಳಿಸಿದ.

ಎರಡನೆಯದು ಕೊಲೆ ಕೇಸು. ನಾಟಕದವರು, ಸಿನಿಮಾದವರು, ಈಗ ಯೂಟ್ಯೂಬಿನಲ್ಲಿ ಕಥೆ ಹೇಳುವವರು, ಎಲ್ಲರೂ ಇದಕ್ಕೆ ತೀರ್ಪು ಕೊಡುತ್ತಾರೆ. ತನಿಖೆ ಮಾತ್ರ ಯಾರಿಗೂ ಬೇಡ.

ಕೇಸು ಏನು ನೋಡಿ. ರಾಯ ತೀರಿಕೊಂಡದ್ದು 1529ರಲ್ಲಿ. ಅದಾದ ಆರೇಳು ವರ್ಷಕ್ಕೆ ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ ಬರೆದಿಟ್ಟದ್ದು ಇದು. ರಾಯ ತನ್ನ ಆರು ವರ್ಷದ ಮಗನಿಗೆ ಪಟ್ಟ ಕಟ್ಟಿದ. ಎಂಟು ತಿಂಗಳು ಉತ್ಸವ ನಡೆಯಿತು. ಆ ನಡುವೆಯೇ ಮಗು ಕಾಯಿಲೆ ಬಿದ್ದು ಸತ್ತಿತು. ಆಮೇಲೆ, ತಿಮ್ಮರಸನ ಮಗನೇ ವಿಷ ಹಾಕಿದ ಎಂದು ರಾಯನಿಗೆ ಗೊತ್ತಾಯಿತಂತೆ. ತಿಮ್ಮರಸನನ್ನೂ ಅವನ ಮನೆಯವರನ್ನೂ ಸೆರೆಗೆ ಹಾಕಿದರು. ಮುಂದೆ ಕಣ್ಣು ಹೋಯಿತು. ಮುದುಕ ಸೆರೆಯಲ್ಲೇ ಉಳಿದ.

ಕಾಯಿಲೆ ಅಂತ ಬರೆದವನೂ ನೂನಿಜ್, ವಿಷ ಅಂತ ಬರೆದವನೂ ನೂನಿಜ್. ರಾಯನ ಕಿವಿಗೆ ಆ ಮಾತು ಹಾಕಿದವರು ಯಾರು? ಮಗುವಿಗೆ ಊಟ ಬಡಿಸಿದವರು ಯಾರು? ಔಷಧ ಕೊಟ್ಟ ವೈದ್ಯ ಎಲ್ಲಿ ಹೋದ? ಪತ್ತೇದಾರಿ ಕಾದಂಬರಿ ಶುರುವಾಗಬೇಕಾದ ಜಾಗ ಇದು. ನಮ್ಮ ಕಥೆಗಳು ಇಲ್ಲಿಗೇ ಮುಗಿಯುತ್ತವೆ. ತಿಮ್ಮರಸ ಒಂದೋ ದ್ರೋಹಿ, ಇಲ್ಲಾ ಚಾಡಿ ಮಾತಿಗೆ ಬಲಿಯಾದ ದೇವರಂಥ ಮನುಷ್ಯ. ಇನ್ನು ಕೆಲವು ಕಥೆಗಳಲ್ಲಂತೂ ಗಡ್ಡ, ರುಮಾಲು ನೋಡಿದರೇ ಸಾಕು, ಮೊದಲ ಪುಟದಲ್ಲೇ ಕೊಲೆಗಾರ ಯಾರಂತ ಗೊತ್ತಾಗುತ್ತದೆ. ಅದಕ್ಕೆ ಪತ್ತೇದಾರ ಯಾಕೆ ಬೇಕು?

ಇನ್ನೊಂದು ಕೇಸು ಇದಕ್ಕಿಂತ ಭಯಂಕರ. ಇಮ್ಮಡಿ ದೇವರಾಯನ ಕಾಲ. 1443ರಲ್ಲಿ ವಿಜಯನಗರಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕ್, ತಾನಿನ್ನೂ ಕಲ್ಲಿಕೋಟೆಯಲ್ಲಿದ್ದಾಗ ಇದು ನಡೆಯಿತು ಎನ್ನುತ್ತಾನೆ. ರಾಜನ ತಮ್ಮ ಹೊಸ ಮನೆ ಕಟ್ಟಿಸಿ ದೊಡ್ಡವರನ್ನೆಲ್ಲ ಊಟಕ್ಕೆ ಕರೆದ. ಹೊರಗೆ ನಗಾರಿ, ಕಹಳೆ. ಒಳಗೆ ಒಬ್ಬೊಬ್ಬರನ್ನೇ ಬೇರೆ ಕೋಣೆಗೆ ಕರೆಸಿ ಮುಗಿಸಿದರು. ಸದ್ದಿನಲ್ಲಿ ಕೂಗು ಕೇಳಲಿಲ್ಲ. ಆಮೇಲೆ ರಾಜನ ಹತ್ತಿರ ಹೋಗಿ ಅವನಿಗೂ ಕಠಾರಿಯಿಂದ ಇರಿದ. ರಾಜ ಹೇಗೋ ಬದುಕಿದ. ಇಂಥದ್ದೇ ಕಥೆಯನ್ನು ನೂನಿಜ್ ಬೇರೆ ಥರ ಹೇಳುತ್ತಾನೆ. ಅವನ ಪ್ರಕಾರ ಇರಿದವನು ತಮ್ಮನಲ್ಲ, ಒಡಹುಟ್ಟಿದವರ ಮಗ. ಇಬ್ಬರು ಸಾಕ್ಷಿಗಳು, ಎರಡು ಹೇಳಿಕೆ, ಇಬ್ಬರೂ ಸ್ಥಳದಲ್ಲಿರಲಿಲ್ಲ. ಪತ್ತೇದಾರಿ ಬರೆಯುವವನಿಗೆ ಇದಕ್ಕಿಂತ ಏನು ಬೇಕು?

ಈ ಕಾಲದ ಮೇಲೆ ಕಣ್ಣು ಹಾಕಿದ್ದು ಬಂಗಾಳದ ಲೇಖಕ. ವ್ಯೋಮಕೇಶ ಬಕ್ಷಿ ಎಂಬ ಪತ್ತೇದಾರನನ್ನು ಹುಟ್ಟಿಸಿದ ಶರದಿಂದು ಬಂದ್ಯೋಪಾಧ್ಯಾಯರು ದೇವರಾಯನ ಕಾಲದ ಮೇಲೆ ‘ತುಂಗಭದ್ರಾರ್ ತೀರೆ’ ಕಾದಂಬರಿ ಬರೆದರು. ತುಂಗಭದ್ರೆಯ ನೀರು ಕುಡಿಯುವವರು ನಾವು, ಅದರ ದಡದ ಕೊಲೆ ಸಂಚಿನ ಕಥೆ ಬರೆದವರು ಅವರು. ಆದರೆ ಅವರೂ ಪತ್ತೇದಾರನನ್ನು ಮನೆಯಲ್ಲೇ ಬಿಟ್ಟು ಬಂದರು. ಅದು ರಾಜಕುಮಾರಿಯರ ಕಥೆಯಾಯಿತು.

ಅರಮನೆಯೇ ಬೇಕು ಅನ್ನುವುದು ನಮಗೆ ಅಂಟಿದ ರೋಗ. ಅಗಾಥಾ ಕ್ರಿಸ್ಟಿ 1944ರಲ್ಲಿ ‘ಡೆತ್ ಕಮ್ಸ್ ಆಸ್ ದಿ ಎಂಡ್’ ಬರೆದರು. ನಾಲ್ಕು ಸಾವಿರ ವರ್ಷದ ಹಿಂದಿನ ಈಜಿಪ್ಟಿನ ಕೊಲೆಗಳ ಕಥೆ. ಅದರಲ್ಲಿ ಫೇರೋ ಮುಖ್ಯನಲ್ಲ. ಆ ಮನೆಯ ಕಲ್ಪನೆಗೆ ಮೂಲ ಹೆಕನಖ್ತ್ ಎಂಬ ಜಮೀನುದಾರನ ಪತ್ರಗಳು. ಊರು ಬಿಟ್ಟು ಹೋದ ಯಜಮಾನ ಮನೆಗೆ ಬರೆಯುತ್ತಾನೆ: ಯಾವ ಹೊಲ ಗುತ್ತಿಗೆಗೆ ಹಿಡಿಯಬೇಕು, ಮನೆಯಲ್ಲಿ ಯಾರಿಗೆ ಎಷ್ಟು ಜವೆಗೋಧಿ ಅಳೆದು ಕೊಡಬೇಕು, ತಾನು ಕಟ್ಟಿಕೊಂಡವಳಿಗೆ ಮನೆಯವರು ಯಾಕೆ ತೊಂದರೆ ಕೊಡುತ್ತಿದ್ದಾರೆ. ಕಾಳು, ಹೊಲ, ಹೆಂಗಸರ ಜಗಳ. ಕೊಲೆಗೆ ಇಷ್ಟು ಸಾಲದೇ? ನಮ್ಮ ಯಾವ ಊರಿನಲ್ಲಿ ಇದಿಲ್ಲ?

ನಮಗೆ ಅಂಥ ಪತ್ರ ಸಿಗದಿದ್ದರೂ ವೀರಗಲ್ಲುಗಳಿವೆ. ದನ ಹೊಡೆದುಕೊಂಡು ಹೋದವರ ಜತೆ, ಊರ ಗಡಿಗಾಗಿ ಬಡಿದಾಡಿ ಸತ್ತವರ ಕಲ್ಲು. ಮೇಲಿನ ಪಟ್ಟಿಯಲ್ಲಿ ಕೈಲಾಸ, ನಡುವೆ ಅಪ್ಸರೆಯರು, ಕೆಳಗೆ ಹೊಡೆದಾಟ. ಕಾದಂಬರಿಗೆ ಬೇಕಾದದ್ದು ಆ ಕೆಳಗಿನ ಪಟ್ಟಿ. ಎಷ್ಟೋ ಊರಲ್ಲಿ ಅದು ಮಣ್ಣಲ್ಲಿ ಹೂತುಹೋಗಿದೆ, ಕಾಣುವುದು ಕೈಲಾಸ ಮಾತ್ರ.

ದೇವರಾಯನ ತಮ್ಮನ ಊಟದ ಕಥೆಯನ್ನೇ ಯಾರಾದರೂ ಮತ್ತೆ ಬರೆಯಿರಿ. ಆದರೆ ರಾಜನಿಂದ ಶುರು ಮಾಡಬೇಡಿ. ಇನ್ನೂ ಜೋರಾಗಿ ಬಾರಿಸು ಅಂತ ನಗಾರಿಯವನಿಗೆ ಯಾರೋ ಬಂದು ಹೇಳಿರಬೇಕು. ಹೇಳಿದವನ ಮುಖ ಅವನಿಗೆ ನೆನಪಿರುತ್ತದೆ. ಒಳಗೆ ಕರೆದಷ್ಟು ಜನ ಹೊರಗೆ ಬಂದಿಲ್ಲ ಅಂತ ಚಪ್ಪಲಿ ಕಾಯುವ ಹುಡುಗನಿಗೆ ಗೊತ್ತು. ಹಾಕಿದ ಎಲೆ ಎಷ್ಟು, ಉಂಡ ಎಲೆ ಎಷ್ಟು, ಲೆಕ್ಕ ತಪ್ಪಿದ್ದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಎಂಜಲೆಲೆ ಎತ್ತಲು ಬಂದವಳಿಗೆ.