ಅಬ್ಬೆ, ಅಪ್ಪೆ, ಉಮ್ಮ

ಸಪ್ತಭಾಷೆಗಳ ಸಂಗಮಭೂಮಿಯೆಂದು ನಾವು ಹೆಮ್ಮೆಪಡುವ ಕಾಸರಗೋಡಿನಲ್ಲಿ ತಾಯಿಯನ್ನು ಕರೆಯುವ ಮಾತು ಒಂದಲ್ಲ. ಹವ್ಯಕರ ಮನೆಯಲ್ಲಿ ಆಕೆ ಅಬ್ಬೆ, ತುಳುವರಲ್ಲಿ ಅಪ್ಪೆ, ಮರಾಠಿ ಮನೆಯಲ್ಲಿ ಆಯಿ, ಬ್ಯಾರಿ ಮುಸ್ಲಿಮರಲ್ಲಿ ಉಮ್ಮ, ಮಲಯಾಳಿಗಳಲ್ಲಿ ಅಮ್ಮ. ತುಳುವಿನಲ್ಲಿ 'ಅಮ್ಮೆ' ಎಂದರೆ ತಂದೆ! ಹೊರಗಿನಿಂದ ಬಂದ ಅಧ್ಯಾಪಕರಿಗೆ ಇದು ವಿಚಿತ್ರವೆನಿಸಿದರೆ ತಪ್ಪಿಲ್ಲ. ಮಗುವಿನ ಮಾತನ್ನು ತಿದ್ದಹೊರಟರೆ ಮಾತ್ರ ತಪ್ಪು. ಅಬ್ಬೆ ಎಂಬುದು ಅಶುದ್ಧ ಕನ್ನಡವೂ ಅಲ್ಲ. 10ನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರಿನಲ್ಲಿರುವ ಹಳಗನ್ನಡದ ಮಾತೇ ಅದು.

ತಿದ್ದುವ ಹಂಬಲ ಶಾಲೆಯಲ್ಲಿ ಮಾತ್ರವಲ್ಲ, ನಮ್ಮಲ್ಲೂ ಇದೆ. ಜನಗಣತಿಯ ಲೆಕ್ಕದಲ್ಲಿ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. ಆದರೂ ಕನ್ನಡಿಗರ ಸಂಖ್ಯೆ ಕುಗ್ಗೀತೆಂದು ಅಂಜಿ, ತುಳುವರೂ ಕನ್ನಡವೆಂದೇ ಬರೆಸಬೇಕೆನ್ನುವವರು ಇಲ್ಲದಿಲ್ಲ. ಅಂಜಿಕೆ ಸಹಜವಾದರೂ ದಾರಿ ಸರಿಯಲ್ಲ. ಗಣತಿದಾರರು ಬಂದಾಗ ಅಪ್ಪೆಯ ಮಕ್ಕಳು ತುಳುವೆಂದೇ ಹೇಳಲಿ. ತಿಳಿದಿರುವ ಇತರ ಭಾಷೆಗಳನ್ನು ಕೇಳಿದಾಗ ಕನ್ನಡವನ್ನು ಮರೆಯದೆ ಬರೆಸಲಿ.

1956ರಲ್ಲಿ ಈ ನೆಲ ಕೇರಳಕ್ಕೆ ಸೇರಿದ ಮೇಲೂ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿ, ಕನ್ನಡದಲ್ಲೇ ಅರ್ಜಿ ಬರೆದು ಭಾಷೆಯನ್ನು ಉಳಿಸಿದವರಲ್ಲಿ ಅಪ್ಪೆ ಎಂದವರೂ ಇದ್ದಾರೆ, ಆಯಿ ಎಂದವರೂ ಇದ್ದಾರೆ. ನಮ್ಮ ಮಕ್ಕಳ ಮೇಲೆ ಬೇರೆ ಭಾಷೆಯನ್ನು ಹೇರಬೇಡಿರೆಂದು ಸರಕಾರವನ್ನು ಕೇಳುವ ನಾವು, ನೆರೆಮನೆಯ ತಾಯಿಯ ಮಾತನ್ನು ಅಳಿಸಲು ಹೊರಡುವುದು ಯಾವ ನ್ಯಾಯ?